ಮೊದಲ ಕಾಸಿನ ಸೋಮವಾರ

ವಿಲಿಯಂ ಹಂಟರ್ ಒಂದೂವರೆ ವರ್ಷದಿಂದ ಹಾಸಿಗೆ ಬಿಟ್ಟು ಎದ್ದಿರಲಿಲ್ಲ. ಸ್ಕಾಟ್ಲೆಂಡಿನ ಕ್ಲಾಕ್‌ಮ್ಯಾನನ್‌ಶೈರ್ ಸೀಮೆಯಲ್ಲಿ ಟಿಲಿಕೂಟ್ರಿ ಅಂತೊಂದು ಊರು. ಹಂಟರ್ ಅಲ್ಲಿನ ಕಲ್ಲಿದ್ದಲು ಗಣಿಯ ಕೆಲಸಗಾರ. ವಾತ ಹಿಡಿದು ಕೈಕಾಲು ಹೆಚ್ಚುಕಡಿಮೆ ಬಿದ್ದೇ ಹೋಗಿದ್ದವು. 1738ನೇ ಇಸವಿ, ವರ್ಷ ಹುಟ್ಟಿದ ಹೊಸತು, ಸೋಮವಾರದ ಸಂಜೆ. ಊರಿಗೆ ಊರೇ ಹಬ್ಬ ಮಾಡುತ್ತಿರುವಾಗ ಇವನೊಬ್ಬ ಬಿದ್ದುಕೊಂಡಿರುವುದು ಸರಿಯಲ್ಲ ಎಂದು ನೆರೆಯವರು ಅವನ ಮನೆಗೇ ಬಂದು ಕೂತರು. ಹುದುಗು ಇನ್ನೂ ಇಳಿಯದ ಹೊಸ ಏಲ್ ಬಿಯರು ಕೈಯಿಂದ ಕೈಗೆ ಸುತ್ತತೊಡಗಿತು. ಹಂಟರ್‌ಗೆ ಏಳಲಾಗದಿದ್ದರೇನಂತೆ, ತನ್ನ ಪಾಲಿನ ಒಂದು ಸುತ್ತನ್ನೂ ಬಿಡಲಿಲ್ಲ. ಚೆನ್ನಾಗಿ ನಿಶೆಯೇರಿ ಮಲಗಿದ. ಬೆಳಗಾಯಿತು. ಎದ್ದ. ನಡೆದ! ಮುಂದೆ ಇಪ್ಪತ್ತು ವರ್ಷಕ್ಕೂ ಮೇಲೆ ಬದುಕಿದ. ಆ ಕಾಯಿಲೆ ಮತ್ತೆ ಅವನ ಹತ್ತಿರ ಸುಳಿಯಲಿಲ್ಲ.

ಇದು ಹೆಂಡದಂಗಡಿಯ ಹರಟೆಯಲ್ಲ ಸ್ವಾಮಿ. ಸರ್ ಜಾನ್ ಸಿಂಕ್ಲೇರ್ ಎಂಬ ಮಹಾಶಯ 1790ರ ದಶಕದಲ್ಲಿ ಸ್ಕಾಟ್ಲೆಂಡಿನ ಊರೂರಿನ ಪಾದ್ರಿಗಳಿಗೆ ಪ್ರಶ್ನಾವಳಿ ಕಳಿಸಿ, ಅವರಿಂದ ತಂತಮ್ಮ ಊರಿನ ಜನ, ದನ, ಬೆಳೆ, ಬೆಲೆ, ರೋಗ, ಹಬ್ಬ ಎಲ್ಲವನ್ನೂ ಬರೆಸಿ 21 ಸಂಪುಟಗಳಲ್ಲಿ ಅಚ್ಚು ಹಾಕಿಸಿದ. ಹಂಟರ್‌ನ ಕಥೆ ಆ ಮಹಾದಾಖಲೆಯ ಒಳಗಿದೆ. ಗೌಟ್ ಎಂಬ ಕೀಲುವಾತ ಇದ್ದವರಿಗೆ ಬಿಯರು ಶತ್ರು ಎಂದು ಈಗಿನ ಡಾಕ್ಟರುಗಳು ಹೇಳುತ್ತಾರೆ. ಆದ್ದರಿಂದ ಇದನ್ನು ಮನೆಮದ್ದು ಅಂದುಕೊಳ್ಳಬೇಡಿ. ನನ್ನನ್ನು ಹಿಡಿದು ನಿಲ್ಲಿಸಿದ್ದು ಏಲ್ ಅಲ್ಲ, ಆ ಸೋಮವಾರದ ಹೆಸರು. ಹ್ಯಾಂಡ್ಸೆಲ್ ಮಂಡೇ!

ಏನಪ್ಪಾ ಈ ಹ್ಯಾಂಡ್ಸೆಲ್? ಬರೆಯುವಾಗ ನಡುವೆ ಒಂದು ‘ಡ’ ಉಂಟು, ಸ್ಕಾಟರ ಬಾಯಲ್ಲಿ ಅದು ನುಂಗಿಹೋಗಿ ‘ಹ್ಯಾನ್ಸಲ್’ ಆಗುತ್ತದೆ. (ಸಕ್ಕರೆ ಮಿಠಾಯಿಯ ಮನೆ ತಿಂದ ಹ್ಯಾನ್ಸೆಲ್ ಮತ್ತು ಗ್ರೆಟೆಲ್ ನೆನಪಾದರೆ ಮರೆತುಬಿಡಿ, ಆ ಹುಡುಗನ ಹೆಸರು ಯೋಹಾನೆಸ್ ಎಂಬುದರ ಮುದ್ದು ರೂಪ, ಇದಕ್ಕೂ ಅದಕ್ಕೂ ನಂಟಿಲ್ಲ.) ಯಾವುದಾದರೂ ಒಂದು ಶುರುವಾಗುವಾಗ, ಅದು ವರ್ಷವೇ ಇರಲಿ, ಮಗುವೇ ಇರಲಿ, ಹೊಸ ಮನೆಯೋ ಹೊಸ ಅಂಗಿಯೋ ಅಂಗಡಿಯ ಬೆಳಗೋ ಇರಲಿ, ಅದಕ್ಕೆ ಒಳ್ಳೆಯದಾಗಲಿ ಎಂದು ಕೈಗೆ ಇಡುವ ಚಿಕ್ಕ ಕೊಡುಗೆ ಹ್ಯಾಂಡ್ಸೆಲ್. ಹಳೆಯ ಇಂಗ್ಲಿಷಿನಲ್ಲಿ ಇದರರ್ಥ ಬರೀ ‘ಕೈಗೆ ಕೊಡುವುದು’. ಸಮುದ್ರದಾಚೆ ನಾರ್ಸ್ ಜನರಲ್ಲಿ ‘ಹ್ಯಾಂಡ್‌ಸಾಲ್’ ಅಂದರೆ ಕೈ ಹಿಡಿದು ಒಪ್ಪಂದ ಮುಗಿಸುವುದು. ಐಸ್‌ಲ್ಯಾಂಡಿನ ಹಳೆಯ ಕಥನಗಳಲ್ಲಿ ಜಮೀನು, ಮದುವೆ, ಕೊಲೆಯ ದಂಡ ಎಲ್ಲವೂ ಸಾಕ್ಷಿಗಳ ಎದುರು ಹೀಗೆ ಕೈಗೆ ಕೈ ಬೆಸೆದು ತೀರ್ಮಾನವಾಗುತ್ತಿದ್ದವು. ಎರಡು ಹೊಳೆ ಕೂಡಿದವು, ಒಂದು ಪದ ಹುಟ್ಟಿತು: ಕೊಡುವುದೂ ಅದರಲ್ಲಿದೆ, ಮಾತು ಕೊಡುವುದೂ ಅದರಲ್ಲಿದೆ.

ಇನ್ನು ಆ ಸೋಮವಾರ. ವರ್ಷದ ಮೊದಲ ಸೋಮವಾರವೇ ಹ್ಯಾಂಡ್ಸೆಲ್ ಮಂಡೇ. ಸ್ಕಾಟ್ಲೆಂಡಿನಲ್ಲಿ ಇದು ಎಷ್ಟು ದೊಡ್ಡ ದಿನ ಎಂಬುದು ಅರ್ಥವಾಗಬೇಕಾದರೆ ಇನ್ನೊಂದು ಬೆರಗಿನ ಸಂಗತಿ ಗೊತ್ತಿರಬೇಕು. ಅಲ್ಲಿ ಕ್ರಿಸ್‌ಮಸ್ ಇರಲೇ ಇಲ್ಲ! ಸುಧಾರಣಾವಾದಿ ಪ್ರೆಸ್ಬಿಟೀರಿಯನ್ ಚರ್ಚು ಡಿಸೆಂಬರ್ 25ನ್ನು ಪೋಪನ ಕಾಲದ ಮೂಢನಂಬಿಕೆ ಎಂದು ತಳ್ಳಿತು. 1640ರಲ್ಲಿ ಸ್ಕಾಟಿಷ್ ಪಾರ್ಲಿಮೆಂಟು ಕ್ರಿಸ್‌ಮಸ್ ರಜೆಯನ್ನೇ ರದ್ದುಮಾಡಿತು. ಅದು ಮತ್ತೆ ಸಾರ್ವಜನಿಕ ರಜೆಯಾದದ್ದು ಯಾವಾಗ ಗೊತ್ತೇ? 1958ರಲ್ಲಿ. ಅಂದರೆ ನಮ್ಮ ಅಜ್ಜಂದಿರು ಆಫೀಸಿಗೆ ಹೋಗುತ್ತಿದ್ದ ಕಾಲದಲ್ಲೂ ಗ್ಲಾಸ್ಗೋದ ಕಾರ್ಮಿಕ ಡಿಸೆಂಬರ್ 25ಕ್ಕೆ ಬುತ್ತಿ ಕಟ್ಟಿಕೊಂಡು ಕೆಲಸಕ್ಕೆ ಹೊರಡುತ್ತಿದ್ದ. ನಲಿವೆಲ್ಲ ಒಂದು ಕಡೆ ಕಟ್ಟೆ ಒಡೆಯಲೇಬೇಕಲ್ಲ? ಹೊಸವರ್ಷದ ಸುತ್ತ ಒಡೆಯಿತು. ನಗರದವರಿಗೆ ವರ್ಷದ ಕೊನೆಯ ರಾತ್ರಿ, ಹೊಲಗದ್ದೆಯ ಆಳುಗಳಿಗೆ ಈ ಸೋಮವಾರ.

ರಾಬರ್ಟ್ ಚೇಂಬರ್ಸ್ ಎಂಬ ಎಡಿನ್‌ಬರೋದ ಪ್ರಕಾಶಕ 1864ರಲ್ಲಿ ಹೊರತಂದ ‘ಬುಕ್ ಆಫ್ ಡೇಸ್’ ಎಂಬ ದಿನದಿನದ ವಿಶ್ವಕೋಶದಲ್ಲಿ ಈ ಹಬ್ಬದ ವರ್ಣನೆಯಿದೆ. ಅದನ್ನು ಓದುವಾಗ ಹೊಟ್ಟೆ ಹಸಿಯುತ್ತದೆ. ನಡುರಾತ್ರಿ ಕಳೆಯುತ್ತಲೇ ಹುಡುಗರು ತಗಡಿನ ಪಾತ್ರೆ, ಕೊಂಬು ಹಿಡಿದು ಬೀದಿಗಿಳಿದು ಊರನ್ನೇ ಎಬ್ಬಿಸುತ್ತಿದ್ದರು. ಬೆಳಿಗ್ಗೆ ಹೊಲದೊಡೆಯ ತನ್ನ ಆಳುಗಳಿಗೆಲ್ಲ ಊಟ ಹಾಕಬೇಕು. ಗಂಜಿಯಲ್ಲ, ಬೇಯಿಸಿದ ಮಾಂಸ, ಹುರಿದ ಮಾಂಸ, ಏಲ್, ವಿಸ್ಕಿ, ಕೇಕು! ಉಂಡವರು ಇಡೀ ದಿನ ಸ್ವತಂತ್ರರು, ನೆಂಟರ ಮನೆಗೆ ಹೊರಟರು. ವರ್ಷವೆಲ್ಲ ಬಾಗಿಲಾಚೆ ನಿಂತು ಮಾತಾಡುವ ಉಳುವಾತ ಆವತ್ತೊಂದು ದಿನ ಒಡೆಯನ ಮೇಜಿನ ಮುಂದೆ. ಮನೆಗೆಲಸದ ಹುಡುಗಿ, ಕಾಗದ ತರುವವನು, ಕಸ ಗುಡಿಸುವವನು, ಪತ್ರಿಕೆ ಹಂಚುವವನು ಎಲ್ಲರೂ ಹ್ಯಾಂಡ್ಸೆಲ್‌ಗೆ ಹಕ್ಕುದಾರರು. ನಮ್ಮಲ್ಲಿ ದೀಪಾವಳಿಗೆ ಇನಾಮು ಕೊಡುವುದಿಲ್ಲವೇ, ಹಾಗೆ.

ಇಲ್ಲೊಂದು ತಮಾಷೆ. 1752ರಲ್ಲಿ ಬ್ರಿಟನ್ ತನ್ನ ಪಂಚಾಂಗ ತಿದ್ದಿಕೊಂಡಾಗ ಸೆಪ್ಟೆಂಬರ್ 2ರ ಮರುದಿನ ಸೆಪ್ಟೆಂಬರ್ 14 ಆಯಿತು. ಹನ್ನೊಂದು ದಿನ ಗಾಳಿಗೆ ಹೋದವು. ಸರ್ಕಾರ ಕ್ಯಾಲೆಂಡರು ಬದಲಾಯಿಸಬಹುದು, ಉಳುವವನ ಹಬ್ಬ ಬದಲಾಯಿಸಲಾದೀತೇ? ಅನೇಕ ಊರುಗಳು ಹಳೆಯ ಲೆಕ್ಕಕ್ಕೇ ಅಂಟಿಕೊಂಡವು. ಹೊಸ ಲೆಕ್ಕದ ಜನವರಿ 12 ಅಂದರೆ ಹಳೆಯ ಲೆಕ್ಕದ ಜನವರಿ 1; ಅದಾದ ಮೇಲಿನ ಮೊದಲ ಸೋಮವಾರ ‘ಆಲ್ಡ್ ಹ್ಯಾಂಡ್ಸೆಲ್ ಮಂಡೇ’, ಹಳೇ ಹ್ಯಾಂಡ್ಸೆಲ್ ಸೋಮವಾರ. ಚಾಂದ್ರಮಾನ ಯುಗಾದಿ ಒಂದು, ಸೌರಮಾನ ಯುಗಾದಿ ಇನ್ನೊಂದು ಎಂದು ಪಕ್ಕಪಕ್ಕದ ಜಿಲ್ಲೆಗಳಲ್ಲೇ ವರ್ಷವನ್ನು ಎರಡು ಸಲ ಹುಟ್ಟಿಸುವ ನಮಗೆ ಇದೇನೂ ವಿಚಿತ್ರವಲ್ಲ.

ಆದರೆ ಆಳುಕಾಳುಗಳ ಹಬ್ಬ ಅಂದುಕೊಂಡು ಮುಂದೆ ಹೋಗುತ್ತಿದ್ದರೆ ಒಮ್ಮೆಗೇ ರಾಜನ ಆಸ್ಥಾನ ಎದುರಾಗುತ್ತದೆ! ಹದಿನಾಲ್ಕನೇ ಶತಮಾನದ ಕೊನೆಯ ಭಾಗದ ಇಂಗ್ಲಿಷ್ ಕಾವ್ಯ ‘ಸರ್ ಗವೈನ್ ಅಂಡ್ ದಿ ಗ್ರೀನ್ ನೈಟ್’. ಬರೆದವನು ಯಾರೋ ಯಾರಿಗೂ ತಿಳಿಯದು. ಉಳಿದಿರುವುದು ಒಂದೇ ಒಂದು ಹಸ್ತಪ್ರತಿ. ಅದೂ 1731ರಲ್ಲಿ ಲಂಡನ್ನಿನ ಆಶ್‌ಬರ್ನ್‌ಹ್ಯಾಮ್ ಹೌಸಿಗೆ ಬೆಂಕಿ ಬಿದ್ದು ಅಲ್ಲಿದ್ದ ಕಾಟನ್ ಎಂಬ ಹಸ್ತಪ್ರತಿ ಸಂಗ್ರಹದ ಎಷ್ಟೋ ಹೊತ್ತಿಗೆಗಳು ಸುಟ್ಟು ಕರಕಲಾದಾಗ ಪಾರಾಗಿ ಬಂದದ್ದು. 1839ರವರೆಗೆ ಅಚ್ಚಿನ ಮುಖ ಕಾಣದ ಈ ಕಾವ್ಯವನ್ನು 1925ರಲ್ಲಿ ಸಂಪಾದಿಸಿದ ಇಬ್ಬರಲ್ಲಿ ಒಬ್ಬರು, ಮುಂದೆ ‘ಲಾರ್ಡ್ ಆಫ್ ದಿ ರಿಂಗ್ಸ್’ ಬರೆದ ಟೋಲ್ಕಿನ್. ಕಥೆ ತೊಡಗುವುದು ಆರ್ಥರ್ ರಾಜನ ಕ್ಯಾಮಲಾಟ್‌ನಲ್ಲಿ, ಹೊಸವರ್ಷದ ದಿನ. ಪ್ರಾರ್ಥನೆ ಮುಗಿಯಿತು, ದೊರೆಮಕ್ಕಳು ಓಡೋಡಿ ಬಂದು ಹ್ಯಾಂಡ್ಸೆಲ್ ಹಂಚತೊಡಗಿದರು, ಕೂಗಿ ಕೂಗಿ ಕೊಟ್ಟರು, ಯಾರಿಗೆ ಏನು ಸಿಕ್ಕಿತೆಂದು ವಾದಿಸಿದರು, ಸೋತ ಹೆಂಗಸರೂ ನಕ್ಕರು. ಆದರೆ ಆರ್ಥರ್ ಊಟಕ್ಕೆ ಕೂರಲೊಲ್ಲ. ಅವನಿಗೊಂದು ಪಟ್ಟು: ಇಂಥ ಹಬ್ಬದ ದಿನ ಒಂದು ಅದ್ಭುತವನ್ನು ಕೇಳುವವರೆಗೆ, ಕಾಣುವವರೆಗೆ ತುತ್ತೆತ್ತುವುದಿಲ್ಲ.

ಬಂತಲ್ಲ ಅದ್ಭುತ! ಕುದುರೆಯೂ ಹಸಿರು, ಗಡ್ಡವೂ ಹಸಿರು, ಮೈಯೂ ಹಸಿರಾದ ದೈತ್ಯ ಸವಾರನೊಬ್ಬ ಒಂದು ಕೈಯಲ್ಲಿ ಹಾಲಿ ಗಿಡದ ಟೊಂಗೆ, ಇನ್ನೊಂದರಲ್ಲಿ ಭಾರೀ ಕೊಡಲಿ ಹಿಡಿದು ಸಭೆಗೆ ನುಗ್ಗಿದ. ಯಾರಾದರೂ ನನಗೊಂದು ಏಟು ಹಾಕಿ, ವರ್ಷ ತುಂಬಿದ ದಿನ ನಾನು ತಿರುಗಿ ಒಂದು ಹಾಕುತ್ತೇನೆ ಅಂದ. ಗವೈನ್ ಅವನ ತಲೆ ಹಾರಿಸಿದ. ಮುಂಡ ನಡೆದು ಬಂದು ತಲೆಯನ್ನು ಕೂದಲು ಹಿಡಿದು ಎತ್ತಿಕೊಂಡಿತು; ತಲೆ ಕಣ್ಣು ಬಿಟ್ಟು ಮಾತಾಡಿತು, ಮರೆಯಬೇಡ, ಬಾ ಎಂದಿತು. ಆಗ ಕವಿ ಹೇಳುವ ಮಾತು ಕೇಳಿ ನಾನು ಕೂತಲ್ಲೇ ನೆಟ್ಟಗಾದೆ. ಸಾಹಸದ ಸುದ್ದಿಗಾಗಿ ಹಂಬಲಿಸುತ್ತಿದ್ದ ಆರ್ಥರ್‌ಗೆ ಎಳೆಯ ವರ್ಷ ಕೊಟ್ಟ ಮೊದಲ ಹ್ಯಾಂಡ್ಸೆಲ್ ಇದೇ ಎನ್ನುತ್ತಾನೆ! ಉಂಗುರವಲ್ಲ, ಬಟ್ಟಲಲ್ಲ, ಕತ್ತರಿಸಿದ ಒಂದು ತಲೆ. ಶುಭವಾಗಲೆಂದು ಕೊಟ್ಟದ್ದು ಮುಂದೆ ಏನೇನನ್ನು ಎಳೆದು ತರುತ್ತದೋ ಯಾರು ಬಲ್ಲರು ಎನ್ನುವ ಕಚಗುಳಿ ಆ ಒಂದು ಪದದಲ್ಲಿ. ಏಕೆಂದರೆ ಹ್ಯಾಂಡ್ಸೆಲ್ ಅಂದರೆ ಮುಂಗಡವೂ ಹೌದು. ಮೊದಲ ಕಂತು ಕೈಗೆ ಬಿತ್ತೆಂದರೆ ಉಳಿದದ್ದು ಬಾಕಿ ಇದೆ ಎಂದೇ ಅರ್ಥ. ನಮ್ಮ ‘ಸಂಚಕಾರ’ವೂ ಮೂಲದಲ್ಲಿ ವ್ಯಾಪಾರ ಕುದುರಿದ್ದಕ್ಕೆ ಗುರುತಾಗಿ ಕೊಡುವ ಮುಂಗಡವೇ, ಈಗ ಜೀವಕ್ಕೆ ಸಂಚಕಾರ ಬಂತು ಅನ್ನುತ್ತೇವೆ. ಗವೈನ್‌ನ ಕವಿಗೆ ಕನ್ನಡ ಬಂದಿದ್ದರೆ ಕುಣಿದುಬಿಡುತ್ತಿದ್ದ.

ಅದೇ ಕಾಲದ ‘ಪಿಯರ್ಸ್ ಪ್ಲೌಮನ್’ ಕಾವ್ಯದಲ್ಲೂ ಈ ಪದ ಇದೆ, ಬೇರೆಯೇ ವೇಷದಲ್ಲಿ. ಹೊಟ್ಟೆಬಾಕತನವೇ ಮನುಷ್ಯನ ರೂಪ ತಳೆದು ತಪ್ಪೊಪ್ಪಿಗೆಗೆಂದು ಚರ್ಚಿಗೆ ಹೊರಟಿರುತ್ತದೆ. ದಾರಿಯಲ್ಲಿ ಹೆಂಡದ ಮನೆಯವಳು ಕರೆಯುತ್ತಾಳೆ. ಒಳಗೆ ಹೋದರೆ ಅಲ್ಲಿನ ಮಂದಿ ಹ್ಯಾಂಡ್ಸೆಲ್ ಎಂದು ಒಳ್ಳೆಯ ಏಲ್ ಕೈಗಿಡುತ್ತಾರೆ. ಮುಂದಿನದು ನೀವೇ ಊಹಿಸಿ.

ಸಂತೆಗೆ ಬರೋಣ. ನಾನು ನಿಜಕ್ಕೂ ಕಿರುಚುವಂತಾದದ್ದು ಇಲ್ಲಿ. ಫ್ರಾನ್ಸಿಸ್ ಗ್ರೋಸ್ ಎಂಬ ಧಡೂತಿ ಇಂಗ್ಲಿಷ್ ಪುರಾತತ್ತ್ವ ಪ್ರೇಮಿ 1787ರಲ್ಲಿ ಊರುಕೇರಿಯ ಮಾತುಗಳ, ನಂಬಿಕೆಗಳ ಒಂದು ನಿಘಂಟು ಪ್ರಕಟಿಸಿದ. ಹಣ್ಣು, ಮೀನು ಮಾರುವವರು, ತಲೆಹೊರೆ ವ್ಯಾಪಾರಿಗಳು ದಿನದ ಮೊದಲ ಮಾರಾಟದ ಹಣಕ್ಕೆ ಹ್ಯಾನ್ಸಲ್ ಎನ್ನುತ್ತಾರೆ, ಅದೃಷ್ಟ ಬರಲೆಂದು ಆ ನಾಣ್ಯದ ಮೇಲೆ ಉಗುಳುತ್ತಾರೆ ಎಂದು ಆತ ಬರೆದಿದ್ದಾನೆ.

ಬೋಣಿ! ಅಯ್ಯೋ, ಇದು ನಮ್ಮ ಬೋಣಿ ಕಣ್ರೀ!

ಮೈಸೂರಿನ ದೇವರಾಜ ಮಾರುಕಟ್ಟೆಗೆ ಬೆಳಿಗ್ಗೆ ಹೋಗಿ ಒಂದು ಮೊಳ ಮಲ್ಲಿಗೆ ಕೊಳ್ಳಿ. ನೀವು ಕೊಟ್ಟ ನೋಟನ್ನು ಹೂವಾಡಗಿತ್ತಿ ಎರಡೂ ಕಣ್ಣಿಗೆ ಒತ್ತಿಕೊಂಡು, ಹೂಬುಟ್ಟಿಗೆ ಒಮ್ಮೆ ಸೋಕಿಸಿ, ಆಮೇಲೆ ಸೆರಗಿನ ಗಂಟಿಗೋ ಚೀಲಕ್ಕೋ ಹಾಕುತ್ತಾಳೆ. ತರಕಾರಿಯವನು ತಕ್ಕಡಿಗೆ ಮುಟ್ಟಿಸುತ್ತಾನೆ, ಆಟೋದವನು ಮೀಟರಿಗೆ. ಥೇಮ್ಸ್ ದಡದ ಮೀನುಗಾರ್ತಿ ಉಗುಳುತ್ತಿದ್ದಳು, ನಮ್ಮವಳು ಕಣ್ಣಿಗೊತ್ತುತ್ತಾಳೆ. ಎರಡರ ನಡುವೆ ನಾಗರಿಕತೆಯ ವ್ಯತ್ಯಾಸ ಇದೆ ಎಂದು ಎದೆಯುಬ್ಬಿಸಬೇಡಿ. ದೃಷ್ಟಿ ತೆಗೆದು ಥೂ ಥೂ ಥೂ ಎಂದು ಮೂರು ಸಲ ಉಗಿಯುವ ಅಜ್ಜಿಯರ ಮಡಿಲಲ್ಲೇ ನಾವು ಬೆಳೆದದ್ದು. ಉಗುಳಿಗೆ ಕೆಟ್ಟದ್ದನ್ನು ಓಡಿಸುವ ಬಲ ಇದೆ ಎಂದು ಅಲ್ಲೂ ನಂಬಿದ್ದರು, ಇಲ್ಲೂ ನಂಬಿದ್ದಾರೆ.

ಬೋಣಿಯ ಕಟ್ಟಳೆಗಳನ್ನು ನೋಡಿ, ಎಷ್ಟು ನಾಜೂಕು! ಬೋಣಿ ಹೊತ್ತಲ್ಲಿ ಸಾಲ ಕೇಳಬಾರದು. ಬೆಲೆ ವಿಚಾರಿಸಿ ಬರಿಗೈಯಲ್ಲಿ ತಿರುಗಬಾರದು. ತಿರುಗಿದರೆ ಅಂಗಡಿಯವನ ಮುಖ ನೋಡಲಾಗದು. ‘ಬೋಣಿ ರೇಟು ಹಾಕ್ಕೊಡ್ತೀನಿ, ಇಲ್ಲ ಅನ್ಬೇಡಿ’ ಎಂದು ಅವನೇ ಎರಡು ರೂಪಾಯಿ ಇಳಿಸುತ್ತಾನೆ. ಲಾಭ ಮುಖ್ಯವಲ್ಲ, ಹರಿವು ಶುರುವಾಗಬೇಕು. ಇದೆಲ್ಲಕ್ಕಿಂತ ಸೂಕ್ಷ್ಮವಾದದ್ದು ಕೈಗುಣ. ‘ನಿಮ್ಮ ಕೈಗುಣ ಚೆನ್ನಾಗಿದೆಯಮ್ಮಾ, ಮೊನ್ನೆ ನೀವು ಬೋಣಿ ಮಾಡಿದ ದಿನ ಹನ್ನೊಂದಕ್ಕೆಲ್ಲ ಬುಟ್ಟಿ ಖಾಲಿ’ ಎಂದು ಕರೆದು ಕೂರಿಸುವವರಿದ್ದಾರೆ. ಅದೇ ಹತ್ತು ರೂಪಾಯಿ ಒಬ್ಬರ ಕೈಯಿಂದ ಬಂದರೆ ಒಂದು ತೂಕ, ಇನ್ನೊಬ್ಬರ ಕೈಯಿಂದ ಬಂದರೆ ಇನ್ನೊಂದು! ಅರ್ಥಶಾಸ್ತ್ರದ ಯಾವ ಪುಸ್ತಕದಲ್ಲೂ ಹಣಕ್ಕೆ ಹೀಗೆ ಬೆರಳಚ್ಚು ಇಲ್ಲ. ಈಗ ಕ್ಯೂಆರ್ ಕೋಡ್ ಬಂದಿದೆ, ಡಬ್ಬಿಯೊಳಗಿನ ಹೆಣ್ಣು ಧ್ವನಿ ಇಷ್ಟು ರೂಪಾಯಿ ಬಂತೆಂದು ಕೂಗುತ್ತದೆ. ಕೂಗಿದ್ದನ್ನು ಕಣ್ಣಿಗೆ ಒತ್ತಿಕೊಳ್ಳುವುದು ಹೇಗೆ? ‘ಬೋಣಿ ಸಾರ್, ಇದೊಂದು ಕ್ಯಾಶ್ ಕೊಟ್ಬಿಡಿ’ ಎನ್ನುವವರು ಇನ್ನೂ ಸಿಗುತ್ತಾರೆ.

ಬೋಣಿಗೂ ಹ್ಯಾಂಡ್ಸೆಲ್‌ಗೂ ರಕ್ತಸಂಬಂಧ ಏನೇನೂ ಇಲ್ಲ. ಒಂದು ಇನ್ನೊಂದರ ಮನೆಯಿಂದ ಬಂದದ್ದಲ್ಲ. ಅದೇ ನನ್ನನ್ನು ಇನ್ನಷ್ಟು ಬೆರಗುಗೊಳಿಸುವುದು. ಇಸ್ತಾಂಬುಲ್‌ಗೆ ಹೋಗಿ, ಅಲ್ಲಿನ ಅಂಗಡಿಯವರು ಮೊದಲ ಮಾರಾಟಕ್ಕೆ ‘ಸಿಫ್ತಾಹ್’ ಎನ್ನುತ್ತಾರೆ. ತೆರೆಯುವುದು ಎಂಬರ್ಥದ ಅರಬ್ಬಿ ಮಾತಿನಿಂದ ಬಂದದ್ದು. ಹಣಕ್ಕೆ ಮುತ್ತಿಟ್ಟು ಹಣೆಗೊತ್ತಿಕೊಳ್ಳುವವರುಂಟು, ಗಡ್ಡಕ್ಕೆ ಸವರಿಕೊಳ್ಳುವವರುಂಟು, ನೆಲಕ್ಕೆ ಎಸೆದು ಎತ್ತಿಕೊಳ್ಳುವವರೂ ಉಂಟು. ಸಿಫ್ತಾಹ್ ನಿಮ್ಮಿಂದ, ಬರಕತ್ತು ಅಲ್ಲಾಹನಿಂದ ಎನ್ನುವುದು ಅವರ ರೂಢಿಯ ಮಾತು. ಬರಕತ್ತು! ಆ ಪದವಂತೂ ನಮ್ಮ ಸಂತೆಗಳಲ್ಲೇ ಓಡಾಡಿಕೊಂಡಿದೆ. ತನ್ನ ಸಿಫ್ತಾಹ್ ಆದ ವ್ಯಾಪಾರಿ ಎರಡನೇ ಗಿರಾಕಿಯನ್ನು ‘ಪಕ್ಕದವನಿಗೆ ಇನ್ನೂ ಆಗಿಲ್ಲ, ಅಲ್ಲಿ ಕೊಳ್ಳಿ’ ಎಂದು ಕಳಿಸುತ್ತಿದ್ದ ಹಳೇ ಕಾಲದ ಕಥೆಯನ್ನು ತುರ್ಕಿಯವರು ಈಗಲೂ ಹೆಮ್ಮೆಯಿಂದ ಹೇಳುತ್ತಾರೆ. ಎಷ್ಟು ನಿಜವೋ, ಕಥೆಯಂತೂ ಚಂದ.

ಗ್ರೋಸ್‌ನ ಕೈ ಬಿಟ್ಟು ಬಂದೆನಲ್ಲ, ಅವನಿಂದ ಇನ್ನೊಂದು ಕೆಲಸ ಇದೆ. ಈ ಧಡೂತಿ ಮನುಷ್ಯನ ಗೆಳೆಯನಾಗಿದ್ದವನು ಸ್ಕಾಟ್ಲೆಂಡಿನ ಮಹಾಕವಿ ರಾಬರ್ಟ್ ಬರ್ನ್ಸ್; ‘ಟ್ಯಾಮ್ ಒ ಶಾಂಟರ್’ ಎಂಬ ಅವನ ಪ್ರಸಿದ್ಧ ಕಥನಕವನ 1791ರಲ್ಲಿ ಗ್ರೋಸ್‌ನ ಪುಸ್ತಕದಲ್ಲಿ ಕಾಣಿಸಿಕೊಂಡಿತು. ಬರ್ನ್ಸ್ ಹುಟ್ಟಿದ್ದು 1759ರ ಜನವರಿ 25ರಂದು, ಆಲೊವೆ ಎಂಬಲ್ಲಿ, ಅಪ್ಪ ತನ್ನ ಕೈಯಾರೆ ಕಟ್ಟಿದ ಮಣ್ಣಿನ ಗೋಡೆಯ ಹುಲ್ಲಿನ ಮನೆಯಲ್ಲಿ. ಕೆಲವೇ ದಿನಗಳಲ್ಲಿ ಬಿರುಗಾಳಿ ಎದ್ದು ಮನೆಯ ಗೋಡೆಯೊಂದು ಕುಸಿಯಿತು. ಬಾಣಂತಿಯನ್ನೂ ಹಸುಗೂಸನ್ನೂ ಪಕ್ಕದ ಮನೆಗೆ ಎತ್ತಿಕೊಂಡು ಓಡಬೇಕಾಯಿತು. ಬೆಳೆದ ಬರ್ನ್ಸ್ ತನ್ನ ಹುಟ್ಟಿನ ಮೇಲೇ ಒಂದು ಹಾಡು ಕಟ್ಟಿದ. ಅದರಲ್ಲಿ ಆ ಗಾಳಿಯನ್ನು ಏನೆಂದು ಕರೆಯುತ್ತಾನೆ ಅಂತೀರಿ? ಜನವರಿಯ ಗಾಳಿ ಈ ಕೂಸಿಗೆ ಬೀಸಿ ತಂದ ಹ್ಯಾನ್ಸಲ್! ಎಲ್ಲ ಮಕ್ಕಳಿಗೂ ಬೆಳ್ಳಿ ಕಾಸು, ಇವನಿಗೆ ಬಿರುಗಾಳಿ. ಬೆನ್ನಿಗೇ ನೆರೆಮನೆಯ ಹೆಂಗಸೊಬ್ಬಳು ಮಗುವಿನ ಅಂಗೈ ನೋಡಿ ಭವಿಷ್ಯ ಹೇಳುತ್ತಾಳೆ. ಕಾಸು ಬೀಳಬೇಕಾಗಿದ್ದ ಅಂಗೈಯಲ್ಲಿ ರೇಖೆ ಓದುವುದು! ಬಡ ರೈತನ ಮಗನಾಗಿ ಹುಟ್ಟಿದ್ದನ್ನು ಇಷ್ಟು ಠೀವಿಯಿಂದ ಹೇಳಿಕೊಂಡವರು ಕಡಿಮೆ.

ಬೆಳ್ಳಿ ಕಾಸಿನ ಆ ಪದ್ಧತಿ ಸ್ಕಾಟ್ಲೆಂಡಿನಲ್ಲಿ ಸತ್ತಿಲ್ಲ ಎನ್ನುವುದು ಇನ್ನೊಂದು ಸಂತೋಷ. ಎಳೆಮಗುವನ್ನು ಮೊದಲ ಸಲ ನೋಡಿದವರು ಅದರ ಮುಷ್ಟಿಯೊಳಗೆ ಒಂದು ನಾಣ್ಯ ತುರುಕಬೇಕು. ಮಗು ಗಟ್ಟಿಯಾಗಿ ಹಿಡಿದುಕೊಂಡರೆ ದುಡ್ಡು ಉಳಿಸುವ ಕುಳ, ಬಿಟ್ಟರೆ ಕೈ ಸಡಿಲ. ತಳ್ಳುಗಾಡಿಯ ಹಾಸಿನಡಿಗೂ ಅಪರಿಚಿತರು ಸಹ ಕಾಸು ಸಿಕ್ಕಿಸಿ ಹೋಗುವುದುಂಟು. ಹೊಸ ಕೋಟು ಹಾಕಿಕೊಂಡರೆ ಜೇಬಿಗೊಂದು ನಾಣ್ಯ. ಪರ್ಸು ಉಡುಗೊರೆ ಕೊಡುವಾಗ ಒಳಗೊಂದು ನಾಣ್ಯ. ಖಾಲಿಯಾಗಿ ಶುರುವಾದದ್ದು ಖಾಲಿಯಾಗಿಯೇ ಉಳಿದೀತು ಎನ್ನುವ ಭಯ. ಆ ಭಯ ನಮಗೆ ಗೊತ್ತಿಲ್ಲವೇ? ಬಾಣಂತಿಯ ಮನೆಗೆ ಬರಿಗೈಯಲ್ಲಿ ಹೋಗಬೇಡ ಎಂದು ಅಮ್ಮ ಬಾಗಿಲಲ್ಲೇ ತಡೆದು ಕೈಗೆ ನೂರರ ನೋಟು ಇಟ್ಟವಳಲ್ಲವೇ? ಮದುವೆ ಮುಯ್ಯಿಯ ಲಕೋಟೆಗೆ ಅಂಟಿದ ಆ ಒಂದು ರೂಪಾಯಿ ನಾಣ್ಯ ಏನು ಮತ್ತೆ! ಐನೂರು ಕೊಟ್ಟರೆ ಲೆಕ್ಕ ಸೊನ್ನೆಗೆ ಮುಗಿಯಿತು, ಐನೂರ ಒಂದು ಕೊಟ್ಟರೆ ಮುಂದಿನ ಲೆಕ್ಕ ಶುರುವಾಯಿತು.

ಹ್ಯಾಂಡ್ಸೆಲ್ ಕ್ರಿಯಾಪದವೂ ಹೌದು. ಹೊಸದೊಂದನ್ನು ಮೊದಲ ಬಾರಿಗೆ ಬಳಸಿದರೆ ಅದನ್ನು ಹ್ಯಾಂಡ್ಸೆಲ್ ಮಾಡಿದಂತೆ. ಹೊಸ ಕೊಡಲಿಯನ್ನು, ಹೊಸ ಒಲೆಯನ್ನು, ಹೊಸ ಮನೆಯನ್ನು. ಕೊಡುವುದಕ್ಕೂ ಮೊದಲು ಬಳಸುವುದಕ್ಕೂ ಒಂದೇ ಮಾತು ಯಾಕೆ ಎಂದು ತಲೆ ಕೆರೆದುಕೊಳ್ಳುತ್ತಾ ಇಂಗ್ಲಿಷ್ ಕಾಲುವೆ ದಾಟಿ ಫ್ರೆಂಚಿಗೆ ಹೋದರೆ ಅಲ್ಲಿ ಕಾದಿದೆ ದೊಡ್ಡ ಪಟಾಕಿ. ಹೊಸವರ್ಷಕ್ಕೆ ಕೊಡುವ ಕಾಣಿಕೆಗೆ ಫ್ರೆಂಚರು ಹೇಳುವುದು ‘ಏತ್ರೆನ್’. ಅಪಾರ್ಟ್‌ಮೆಂಟಿನ ಕಾವಲಿನವರಿಗೆ, ಅಂಚೆಯವರಿಗೆ ಅಲ್ಲಿ ಈಗಲೂ ಏತ್ರೆನ್ ಕೊಡುತ್ತಾರೆ. ಅದೇ ಪದದ ಕ್ರಿಯಾರೂಪಕ್ಕೆ ಅರ್ಥ, ಮೊದಲ ಬಾರಿಗೆ ಬಳಸು! ಇಷ್ಟಕ್ಕೆ ನಿಂತಿಲ್ಲ. ಹಳೆಯ ಫ್ರೆಂಚ್ ನಿಘಂಟುಗಳಲ್ಲಿ ಏತ್ರೆನ್‌ಗೆ ಇನ್ನೊಂದು ಅರ್ಥ ಕೊಟ್ಟಿದ್ದಾರೆ: ವ್ಯಾಪಾರಿಯ ದಿನದ ಮೊದಲ ಮಾರಾಟ. ಮತ್ತೆ ಬೋಣಿ! ಉತ್ತರ ಸಮುದ್ರದ ಒಂದು ಪದ, ಮೆಡಿಟರೇನಿಯನ್ ಬೇರಿನ ಇನ್ನೊಂದು ಪದ. ಒಂದಕ್ಕೊಂದು ಪರಿಚಯವೇ ಇಲ್ಲದೆ ಹೊಸವರ್ಷದ ಉಡುಗೊರೆ, ಮೊದಲ ಬಳಕೆ, ಮೊದಲ ವ್ಯಾಪಾರ ಎಂಬ ಮೂರೂ ಅರ್ಥಗಳನ್ನು ಹೊತ್ತು ಕೂತಿವೆ.

ಏತ್ರೆನ್‌ನ ಬೇರು ರೋಮ್‌ನಲ್ಲಿ. ಪವಿತ್ರ ಬೀದಿ ಎನಿಸಿಕೊಂಡಿದ್ದ ವಯಾ ಸಾಕ್ರಾದ ಒಂದು ತುದಿಯಲ್ಲಿ ಸ್ಟ್ರೇನಿಯಾ ಎಂಬ ದೇವತೆಯ ಪುಟ್ಟ ಗುಡಿ, ಅವಳಿಗೊಂದು ದೇವರಕಾಡು. ಆ ಕಾಡಿನ ಚಿಗುರು ಕೊಂಬೆಗಳನ್ನು ಹೊಸವರ್ಷಕ್ಕೆ ಶುಭವೆಂದು ತಂದುಕೊಡುತ್ತಿದ್ದರಂತೆ, ಸೇಬೈನರ ದೊರೆ ಟೇಷಿಯಸ್‌ನ ಕಾಲದಿಂದ. ಕಾಣಿಕೆಯ ಹೆಸರು ‘ಸ್ಟ್ರೇನಾ’. ಕೊಂಬೆ ಹೋಗಿ ಅಂಜೂರ, ಖರ್ಜೂರ, ಜೇನು ಬಂದವು, ಅದರ ಹಿಂದೆ ನಾಣ್ಯ ಬಂತು. ಓವಿಡ್ ಕವಿ ತನ್ನ ‘ಫಾಸ್ಟಿ’ಯಲ್ಲಿ ಜನವರಿಗೆ ಹೆಸರು ಕೊಟ್ಟ ಎರಡು ಮುಖದ ದೇವರು ಜೇನಸ್‌ನನ್ನೇ ಎದುರು ಕೂರಿಸಿಕೊಂಡು ಪ್ರಶ್ನೆ ಕೇಳುತ್ತಾನೆ. ಸಿಹಿ ಯಾಕೆ ಕೊಡುವುದು? ವರ್ಷ ಶುರುವಾದ ರುಚಿಯಲ್ಲೇ ಸಾಗಲಿ ಎಂದು. ಸರಿ, ದುಡ್ಡು ಯಾಕೆ? ಜೇನಸ್ ನಗುತ್ತಾನೆ: ಕಾಸಿಗಿಂತ ಜೇನು ಸಿಹಿ ಅಂದುಕೊಂಡೆಯಾ, ನಿನ್ನ ಕಾಲ ನಿನಗೇ ಗೊತ್ತಿಲ್ಲವಲ್ಲ! ಎರಡು ಸಾವಿರ ವರ್ಷದ ಹಿಂದಿನ ಈ ಚಟಾಕಿ ಇನ್ನೂ ಬಿಸಿಯಾಗಿದೆ.

ಅದೇ ಮಾತುಕತೆಯಲ್ಲಿ ಇನ್ನೊಂದು ಪ್ರಶ್ನೆ: ಹಬ್ಬದ ದಿನವೂ ಕೋರ್ಟು ಕಚೇರಿ ಯಾಕೆ ತೆರೆದಿವೆ? ಮೊದಲ ದಿನವೇ ಸುಮ್ಮನೆ ಕೂತರೆ ವರ್ಷವೆಲ್ಲ ಸೋಮಾರಿಯಾದೀತು, ಅದಕ್ಕೆ ಎಲ್ಲರೂ ತಂತಮ್ಮ ಕಸುಬನ್ನು ಶಾಸ್ತ್ರಕ್ಕೆಂದು ಸ್ವಲ್ಪ ಮುಟ್ಟುತ್ತಾರೆ ಎಂಬ ಉತ್ತರ. ಇದನ್ನು ಓದಿದ ಯಾವ ಕನ್ನಡಿಗನಿಗೆ ಹೊನ್ನಾರು ನೆನಪಾಗದು? ಹಳೇ ಮೈಸೂರು ಸೀಮೆಯ ಹಳ್ಳಿಗಳಲ್ಲಿ ಯುಗಾದಿಗೆ ಎತ್ತುಗಳನ್ನು ಸಿಂಗರಿಸಿ, ನೇಗಿಲಿಗೆ ಪೂಜೆ ಮಾಡಿ, ನಾಲ್ಕು ಸಾಲು ಉತ್ತು ಬರುವುದು ಇದೇ ತಾನೇ. ಯುಗಾದಿ ದಿನ ಅತ್ತರೆ ವರ್ಷವೆಲ್ಲ ಅಳು ಎಂದು ಹೆದರಿಸಿ ನಮ್ಮ ಕಣ್ಣೀರು ಒರೆಸಿದವರೂ ಜೇನಸ್‌ನ ಶಿಷ್ಯರೇ ಇರಬೇಕು.

ಇನ್ನು ಚಕ್ರವರ್ತಿಗಳು. ಸ್ಯುಟೋನಿಯಸ್ ಎಂಬ ರೋಮನ್ ಚರಿತ್ರಕಾರ ಇವರ ಬಗ್ಗೆ ಬರೆದಿರುವುದು ಪತ್ರಿಕೆಯ ಗಾಸಿಪ್ ಕಾಲಂನಷ್ಟು ರಂಜನೆ. ಅಗಸ್ಟಸ್ ಊರಲ್ಲಿ ಇಲ್ಲದಿದ್ದರೂ ಜನವರಿ 1ಕ್ಕೆ ಎಲ್ಲ ವರ್ಗದ ಜನ ಕ್ಯಾಪಿಟಲ್ ಗುಡ್ಡ ಹತ್ತಿ ಅವನಿಗೆಂದು ಸ್ಟ್ರೇನಾ ಇಟ್ಟು ಬರುತ್ತಿದ್ದರು. ಅವನೂ ಗಟ್ಟಿಗ, ಆ ಹಣದಿಂದ ಬೆಲೆಬಾಳುವ ದೇವರ ವಿಗ್ರಹಗಳನ್ನು ಕೊಂಡು ಕೇರಿ ಕೇರಿಗೆ ಪ್ರತಿಷ್ಠೆ ಮಾಡಿಸಿದ. ಅವನ ನಂತರದ ಟೈಬೀರಿಯಸ್ ಮೊದಮೊದಲು ಕೊಟ್ಟದ್ದರ ನಾಲ್ಕುಪಟ್ಟು ತನ್ನ ಕೈಯಾರೆ ಹಿಂತಿರುಗಿಸುತ್ತಿದ್ದ; ಹಬ್ಬದ ದಿನ ಭೇಟಿ ಸಿಗದವರು ತಿಂಗಳೆಲ್ಲ ಬಂದು ಕಾಡತೊಡಗಿದ್ದರಿಂದ ಬೇಸತ್ತು, ಜನವರಿ 1ರ ನಂತರ ಈ ವಹಿವಾಟೇ ಬೇಡ ಎಂದು ಆಜ್ಞೆ ಹೊರಡಿಸಿದ. ಮೂರನೆಯವನು ಕ್ಯಾಲಿಗುಲ. ಮಗಳು ಹುಟ್ಟಿದಳು, ಖರ್ಚು ಹೆಚ್ಚಾಯಿತು ಎಂದು ಗೋಳಾಡಿದ ಈ ಮಹಾನುಭಾವ, ಹೊಸವರ್ಷಕ್ಕೆ ಸ್ಟ್ರೇನಾ ಸ್ವೀಕರಿಸಲಾಗುವುದು ಎಂದು ಪ್ರಕಟಣೆ ಹೊರಡಿಸಿ, ಜನವರಿ 1ರಂದು ಅರಮನೆಯ ಮೊಗಸಾಲೆಯಲ್ಲಿ ಖುದ್ದು ನಿಂತ! ಜನ ಬೊಗಸೆ ಬೊಗಸೆಯಾಗಿ, ಮಡಿಲು ಮಡಿಲಾಗಿ ನಾಣ್ಯ ಸುರಿದರು. ಒಳ್ಳೆಯದಾಗಲಿ ಎಂದು ಕೊಡುವುದು ಎಲ್ಲಿ ಮುಗಿದು ಮಾಮೂಲು ಎಲ್ಲಿ ಶುರುವಾಗುತ್ತದೆ ಎಂಬುದಕ್ಕೆ ಆ ಮೊಗಸಾಲೆಗಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ಕ್ರೈಸ್ತ ಧರ್ಮ ಬಂದಮೇಲೆ ಪಾದ್ರಿಗಳಿಗೆ ಇದು ಕಣ್ಣಿಗೆ ಬಿದ್ದ ಧೂಳಾಯಿತು. ಆರನೇ ಶತಮಾನದ ಕೊನೆಯ ಹೊತ್ತಿಗೆ ಫ್ರಾನ್ಸಿನ ಒಸೇರ್‌ನಲ್ಲಿ ಸೇರಿದ ಧರ್ಮಸಭೆ ಜನವರಿ ಮೊದಲ ದಿನದ ಸ್ಟ್ರೇನಾಗಳು ಪೈಶಾಚಿಕ ಎಂದು ಹೆಸರಿಟ್ಟು ನಿಷೇಧಿಸಿತು. ನಿಷೇಧಿಸಿದ ಪಾಪದ ಫಲ ನೋಡಿ, ಅದೇ ನೆಲದಲ್ಲಿ ಏತ್ರೆನ್ ಇವತ್ತಿಗೂ ಜೀವಂತ.

ನಮ್ಮ ಮಗ್ಗುಲಲ್ಲೇ ಇರುವುದನ್ನು ಬಿಟ್ಟು ರೋಮ್ ಸುತ್ತಿದೆ ಎಂದು ಕರಾವಳಿಯವರು ಆಕ್ಷೇಪಿಸುವ ಮುನ್ನ ಹೇಳಿಬಿಡುತ್ತೇನೆ. ಏಪ್ರಿಲ್ ನಡುವಿನ ವಿಷುವಿನ ಬೆಳಗು, ಕೇರಳದಲ್ಲಿ, ಕನ್ನಡವೂ ಮಲಯಾಳವೂ ತುಳುವೂ ಒಂದೇ ಅಂಗಳದಲ್ಲಿ ಆಡುವ ಕಾಸರಗೋಡಿನಲ್ಲೂ, ಮಕ್ಕಳನ್ನು ಕಣ್ಣು ಮುಚ್ಚಿಸಿ ಕರೆತಂದು ಕಣಿಯ ಮುಂದೆ ನಿಲ್ಲಿಸುತ್ತಾರೆ: ಉರುಳಿಯಲ್ಲಿ ಅಕ್ಕಿ, ಸೌತೆ, ಕೊನ್ನೆ ಹೂ, ಕನ್ನಡಿ, ಚಿನ್ನ. ಕಣಿ ಕಂಡು ಕಾಲಿಗೆರಗಿದ ಮೇಲೆ ಹಿರಿಯರು ಅಂಗೈಯಲ್ಲಿ ನಾಣ್ಯ ಇಡುತ್ತಾರೆ. ಅದರ ಹೆಸರು ಕೈನೀಟ್ಟಂ. ಕೈ ನೀಡುವುದು! ಹ್ಯಾಂಡ್ಸೆಲ್ ಎಂಬುದನ್ನು ಯಾರೋ ಮಲಯಾಳಕ್ಕೆ ಅನುವಾದಿಸಿದಂತಿದೆ, ಆದರೆ ಯಾರೂ ಅನುವಾದಿಸಿದ್ದಲ್ಲ. ಹೊಸ ನೋಟಿಗಾಗಿ ಮುಂಚಿನ ದಿನವೇ ಬ್ಯಾಂಕಿನ ಮುಂದೆ ನಿಂತ ಅಜ್ಜನಿಗೂ, ಹೊಳೆಯುವ ಪೆನ್ನಿ ನಾಣ್ಯಕ್ಕಾಗಿ ಡಬ್ಬಿ ತಡಕುವ ಸ್ಕಾಟ್ಲೆಂಡಿನ ಫೈಫ್ ಸೀಮೆಯ ಅಜ್ಜಿಗೂ ಗೊತ್ತಿರುವ ವಿಷಯ ಒಂದೇ. ಕೊಡುವ ಮೊತ್ತ ಎಷ್ಟೇ ಇರಲಿ, ಖಾತೆಗೆ ಹಾಕಿದರೆ ನಡೆಯದು. ಅಂಗೈ ಬಿಚ್ಚಬೇಕು, ಅದರೊಳಗೆ ಇಡಬೇಕು.

ಸ್ಕಾಟರ ಸೋಮವಾರವೇನೋ ಮಂಕಾಯಿತು. ಆಳುಗಳನ್ನು ವರ್ಷಕ್ಕೆ ಗೊತ್ತುಮಾಡಿಕೊಳ್ಳುವ ಪದ್ಧತಿ ಹೋಯಿತು, ಕಾರ್ಖಾನೆಯ ರಜೆಗಳು ಬಂದವು, ಕ್ರಿಸ್‌ಮಸ್ ಮರಳಿ ಬಂತು. ಜನವರಿ 2 ಬ್ರಿಟನ್ನಿನಲ್ಲಿ ಸ್ಕಾಟ್ಲೆಂಡಿಗೆ ಮಾತ್ರ ರಜೆಯಾಗಿ ಉಳಿದಿದೆ, ಅಷ್ಟೆ. ಆದರೆ ಅದರ ರೋಮನ್ ದಾಯಾದಿಯ ಅದೃಷ್ಟ ನೋಡಿ! ಸ್ಟ್ರೇನಾ ಸ್ಪ್ಯಾನಿಷ್‌ಗೆ ಹೋಗಿ ‘ಎಸ್ತ್ರೆನಾರ್’ ಆಯಿತು, ಮೊದಲ ಬಾರಿಗೆ ತೊಡು, ಮೊದಲ ಬಾರಿಗೆ ಬಳಸು. ಮ್ಯಾಡ್ರಿಡ್‌ನಿಂದ ಮೆಕ್ಸಿಕೋವರೆಗೆ ಹೊಸ ಸಿನಿಮಾ ತೆರೆಕಂಡರೆ ಅದು ‘ಎಸ್ತ್ರೆನೊ’. ಗಾಂಧಿನಗರದಲ್ಲಿ ನಾವು ಫಸ್ಟ್ ಡೇ ಫಸ್ಟ್ ಶೋ ಎಂದು ಹಾಲಿನಭಿಷೇಕ ಮಾಡುತ್ತೇವಲ್ಲ, ಅದನ್ನು ಸ್ಪೇನಿನ ಪೋಸ್ಟರಿನ ಮೇಲೆ ಬರೆಯುವ ಪದದೊಳಗೆ ಸ್ಟ್ರೇನಿಯಾ ದೇವಿಯ ಕಾಡಿನ ಕೊಂಬೆ ಕೂತಿದೆ. ಅಷ್ಟೇ ಅಲ್ಲ, ಈಸ್ಟರ್‌ಗೆ ಮುಂಚಿನ ಗರಿಗಳ ಭಾನುವಾರ ಸ್ಪೇನಿನ ಮನೆಗಳಲ್ಲಿ ಮಕ್ಕಳಿಗೆ ಹೊಸದೇನಾದರೂ ತೊಡಿಸಲೇಬೇಕು, ಕಡೆಗೆ ಒಂದು ಜೊತೆ ಕಾಲುಚೀಲವಾದರೂ ಸರಿ. ಅವತ್ತು ಹೊಸದನ್ನು ಎಸ್ತ್ರೆನಾರ್ ಮಾಡದವರಿಗೆ ಏನಿರುವುದಿಲ್ಲ ಎಂದು ಅವರ ಗಾದೆ ಹೇಳುತ್ತದೆ ಗೊತ್ತೇ? ಕೈಗಳು!